ಕಡಲು ದಾಟಿ ಕಂಡವನು: ಸುಲ್ತಾನ್ ಫಾತಿಹ್ ಮತ್ತು ವೆನಿಸ್‌ನ ಚಿತ್ರಕಾರ

ನಮ್ಮ ಮನೆಗಳ ಮಕ್ಕಳಿಗೆ ಇಂದು ಸುಲ್ತಾನ್ ಮುಹಮ್ಮದ್ ಅಲ್ ಫಾತಿಹ್ ಅವರ ಮುಖ ಅಪರಿಚಿತವಲ್ಲ. ಟರ್ಕಿಯ ಧಾರಾವಾಹಿಗಳಲ್ಲಿ, ಪುಸ್ತಕಗಳ ಮುಖಪುಟಗಳಲ್ಲಿ, ಮೊಬೈಲಿನ ಪರದೆಯ ಮೇಲೆ ಅವರು ಆ ಮುಖವನ್ನು ಮತ್ತೆ ಮತ್ತೆ ಕಂಡಿದ್ದಾರೆ. ಬಾಗಿದ ಉದ್ದ ಮೂಗು, ಚೂಪಾದ ಗಡ್ಡ, ಬಿಳಿಯ ದೊಡ್ಡ ಮುಂಡಾಸು, ತುಪ್ಪಳದ ಕೊರಳಪಟ್ಟಿಯುಳ್ಳ ಕೆಂಪು ನಿಲುವಂಗಿ. ಆದರೆ ಐದು ಶತಮಾನಗಳ ಹಿಂದೆ ತೀರಿಕೊಂಡ ಒಬ್ಬ ಅರಸನ ಮುಖ ಹೀಗೆಯೇ ಇತ್ತೆಂದು ನಮಗೆ ಹೇಳಿದವರು ಯಾರು ಎಂಬ ಪ್ರಶ್ನೆಯನ್ನು ಮಕ್ಕಳೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಹೇಳಿದವನು ಉಸ್ಮಾನೀ ಸಾಮ್ರಾಜ್ಯದ ಪ್ರಜೆಯಲ್ಲ, ಮುಸ್ಲಿಮನೂ ಅಲ್ಲ. ಆತ ಜೆಂಟಿಲೆ ಬೆಲ್ಲಿನಿ ಎಂಬ ವೆನಿಸ್ ನಗರದ ಕ್ರೈಸ್ತ ಚಿತ್ರಕಾರ. ಹದಿನಾರು ವರ್ಷಗಳ ಕಾಲ ಸುಲ್ತಾನರೊಂದಿಗೆ ಯುದ್ಧ ಮಾಡಿದ್ದ ನಾಡಿನಿಂದ, ಶಾಂತಿ ಒಪ್ಪಂದದ ಶಾಯಿ ಆರುವ ಮುನ್ನವೇ, ಹಡಗು ಹತ್ತಿ ಇಸ್ತಾಂಬುಲ್‌ಗೆ ಬಂದವನು. ಸುಲ್ತಾನರ ಎದುರು ಕುಳಿತು, ಕಣ್ಣಾರೆ ಕಂಡು ಬರೆದವನು. ಆ ಪಯಣದ ಕಥೆಯನ್ನು ಸ್ಮರಿಸುವುದು ಈ ಲೇಖನದ ಉದ್ದೇಶ. ಆದರೆ ಅದು ಕೇವಲ ಒಬ್ಬ ಕಲಾವಿದನ ಪ್ರವಾಸ ಕಥನವಾಗಿ ಉಳಿಯುವುದಿಲ್ಲ. ಒಬ್ಬರನ್ನು ಹತ್ತಿರ ಹೋಗಿ ಕಂಡವನು ಹೇಳುವುದಕ್ಕೂ, ದೂರದಲ್ಲಿ ಕುಳಿತು ಕೇಳಿದವನು ಹೇಳುವುದಕ್ಕೂ ಎಷ್ಟು ಅಂತರವಿದೆ ಎಂಬ ಪಾಠ ಅದರೊಳಗಿದೆ. ಇಂದಿನ ದಿನಗಳಲ್ಲಿ ಆ ಪಾಠದ ಅಗತ್ಯ ನಮಗೂ ಇದೆ, ನಮ್ಮ ನೆರೆಹೊರೆಗೂ ಇದೆ.

ಯುದ್ಧದ ನಂತರ ಬಂದ ಪತ್ರ

ಸುಲ್ತಾನ್ ಮುಹಮ್ಮದ್ ಅವರು 1432ರಲ್ಲಿ ಜನಿಸಿದರು. 1453ರ ಮೇ 29ರಂದು, ಕೇವಲ 21ರ ಪ್ರಾಯದಲ್ಲಿ, ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದು ‘ಫಾತಿಹ್’ ಎನಿಸಿಕೊಂಡರು. ಆ ವಿಜಯದ ಹತ್ತು ವರ್ಷಗಳ ನಂತರ, 1463ರಲ್ಲಿ, ವೆನಿಸ್ ಗಣರಾಜ್ಯದೊಡನೆ ದೀರ್ಘ ಯುದ್ಧ ಆರಂಭವಾಯಿತು. ವೆನಿಸ್‌ನ ಬದುಕು ನಿಂತಿದ್ದುದೇ ಪೂರ್ವದ ವ್ಯಾಪಾರದ ಮೇಲೆ. ಏಜಿಯನ್ ಸಮುದ್ರದ ದ್ವೀಪಗಳು, ಗ್ರೀಸ್ ಮತ್ತು ಅಲ್ಬೇನಿಯಾದ ಬಂದರುಗಳು ಆ ವ್ಯಾಪಾರದ ತಂಗುದಾಣಗಳಾಗಿದ್ದವು. 1470ರಲ್ಲಿ ಅತಿ ಮುಖ್ಯವಾದ ನೆಗ್ರೊಪೊಂಟೆ ವೆನಿಸ್‌ನ ಕೈತಪ್ಪಿತು. ಕೊನೆಗೆ 1479ರ ಜನವರಿ 25ರಂದು ಒಪ್ಪಂದವಾಯಿತು. ವೆನಿಸ್ ಹಲವು ನೆಲೆಗಳನ್ನು ಬಿಟ್ಟುಕೊಟ್ಟಿತು. ವ್ಯಾಪಾರದ ಹಕ್ಕಿಗಾಗಿ ವರ್ಷಕ್ಕೆ 10,000 ಡುಕಾಟ್ ಚಿನ್ನದ ನಾಣ್ಯಗಳನ್ನು ಸಲ್ಲಿಸಲು ಒಪ್ಪಿಕೊಂಡಿತು.

ಗೆದ್ದ ಅರಸನು ಸೋತವರಿಂದ ಮುಂದೆ ಏನನ್ನು ಕೇಳಿಯಾನು? ಅದೇ ವರ್ಷದ ಆಗಸ್ಟ್ 1ರಂದು ಸುಲ್ತಾನರ ಪತ್ರದೊಂದಿಗೆ ಯಹೂದಿ ದೂತನೊಬ್ಬನು ವೆನಿಸ್ ತಲುಪಿದನು. ಪತ್ರದಲ್ಲಿ ಎರಡು ಮಾತುಗಳಿದ್ದವು. ಒಂದು, ಸುಲ್ತಾನರ ಕುಟುಂಬದ ಸಮಾರಂಭಕ್ಕೆ ಬರಬೇಕೆಂದು ವೆನಿಸ್‌ನ ಮುಖ್ಯಾಧಿಪತಿ ಜೊವಾನ್ನಿ ಮೊಚೆನಿಗೊ ಅವರಿಗೆ ಆಮಂತ್ರಣ. ಇನ್ನೊಂದು, ಒಬ್ಬ ಒಳ್ಳೆಯ ಚಿತ್ರಕಾರನನ್ನು ಕಳುಹಿಸಿಕೊಡಬೇಕೆಂಬ ಕೋರಿಕೆ.

ಮೊಚೆನಿಗೊ ವಿನಯದಿಂದಲೇ ಆಮಂತ್ರಣವನ್ನು ನಿರಾಕರಿಸಿದನು. ಚಿತ್ರಕಾರನ ವಿಷಯದಲ್ಲಿ ಮಾತ್ರ ವೆನಿಸ್ ಜಿಪುಣತನ ತೋರಲಿಲ್ಲ. ಆಗ ಜೆಂಟಿಲೆ ಬೆಲ್ಲಿನಿ ಸುಮಾರು ಐವತ್ತರ ಪ್ರಾಯದವನು, ನಗರದ ಅಗ್ರಗಣ್ಯ ಕಲಾವಿದ. ಅರಮನೆಯ ಮಹಾಸಭಾಂಗಣದ ಗೋಡೆಗಳ ಮೇಲಿನ ಹಳೆಯ ಚಿತ್ರಗಳನ್ನು ಹೊಸದಾಗಿ ಬರೆಯುವ ಹೊಣೆ ಅವನ ಮೇಲಿತ್ತು. ಆ ಕೆಲಸವನ್ನು ತಮ್ಮನಾದ ಜೊವಾನ್ನಿ ಬೆಲ್ಲಿನಿಗೆ ಒಪ್ಪಿಸಿ, ಅಣ್ಣನನ್ನು ಸರಕಾರದ ಖರ್ಚಿನಲ್ಲಿಯೇ ಕಳುಹಿಸಲು ಸೆನೆಟ್ ತೀರ್ಮಾನಿಸಿತು. ಪತ್ರ ಬಂದು ಐದು ವಾರಗಳೂ ಕಳೆದಿರಲಿಲ್ಲ. 1479ರ ಸೆಪ್ಟೆಂಬರ್ 3ರಂದು ಮೆಲ್ಕಿಯೊರೆ ಟ್ರೆವಿಸಾನ್ ಎಂಬ ಕಪ್ತಾನನ ಹಡಗಿನಲ್ಲಿ ಬೆಲ್ಲಿನಿ ಹೊರಟನು.

ಹಾಯಿಯೂ ಹುಟ್ಟೂ ನಡೆಸಿದ ದಾರಿ

ಆ ಕಾಲದ ವೆನಿಸ್ ಹಡಗನ್ನು ‘ಗ್ಯಾಲಿ’ ಎಂದು ಕರೆಯುತ್ತಿದ್ದರು. ಉದ್ದವಾದ, ಕಿರಿದಾದ, ನೀರಿಗೆ ತೀರಾ ಹತ್ತಿರವಿರುವ ನೌಕೆ ಅದು. ಗಾಳಿ ಅನುಕೂಲವಾಗಿದ್ದಾಗ ತ್ರಿಕೋನಾಕಾರದ ದೊಡ್ಡ ಹಾಯಿ ಅದನ್ನು ಎಳೆಯುತ್ತಿತ್ತು. ಗಾಳಿ ಬಿದ್ದಾಗ, ಬಂದರಿನೊಳಗೆ ಹೋಗುವಾಗ, ಸಾಲಾಗಿ ಕುಳಿತ ಹುಟ್ಟುಗಾರರು ಅದನ್ನು ನಡೆಸುತ್ತಿದ್ದರು. ಇಷ್ಟೊಂದು ಜನರಿಗೆ ಬೇಕಾದ ನೀರು ಮತ್ತು ಆಹಾರವನ್ನು ಬಹು ದಿನಗಳಿಗೆ ಹೊರುವಷ್ಟು ಜಾಗ ಅದರೊಳಗಿರಲಿಲ್ಲ. ಆದ್ದರಿಂದ ಕರಾವಳಿಯನ್ನು ಅನುಸರಿಸಿ, ಬಂದರಿನಿಂದ ಬಂದರಿಗೆ ಸಾಗುವುದೇ ರೂಢಿ. ನಮ್ಮ ಕರಾವಳಿಯ ಹಿರಿಯರು ಮಂಜಿಗಳಲ್ಲಿ ಸರಕು ಸಾಗಿಸಿದ ಕಾಲವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಹಾಯಿಯ ಪ್ರಯಾಣದಲ್ಲಿ ಹೊರಡುವ ದಿನವನ್ನು ಮನುಷ್ಯ ನಿಶ್ಚಯಿಸುತ್ತಾನೆ, ತಲುಪುವ ದಿನವನ್ನು ಗಾಳಿಯ ಒಡೆಯನೇ ನಿಶ್ಚಯಿಸುತ್ತಾನೆ.

ವೆನಿಸ್‌ನಿಂದ ಇಸ್ತಾಂಬುಲ್‌ಗೆ ಹೋಗುವ ಹಡಗುಗಳ ರೂಢಿಯ ಮಾರ್ಗ ಹೀಗಿತ್ತು. ಮೊದಲು ಏಡ್ರಿಯಾಟಿಕ್ ಸಮುದ್ರದ ಪೂರ್ವ ದಂಡೆಯುದ್ದಕ್ಕೂ ದಾಲ್ಮೇಷಿಯಾದ ದ್ವೀಪಗಳ ನಡುವೆ ದಕ್ಷಿಣಕ್ಕೆ ಪಯಣ. ಆಮೇಲೆ ಕಾರ್ಫು ದ್ವೀಪ, ಗ್ರೀಸ್‌ನ ದಕ್ಷಿಣ ತುದಿಯಲ್ಲಿ ಮೊದೊನ್ ಎಂಬ ಕೋಟೆಯ ಬಂದರು. ಆ ಭೂಶಿರವನ್ನು ಸುತ್ತಿ ಏಜಿಯನ್ ಸಮುದ್ರ. ಅಲ್ಲಿಂದ ಡಾರ್ಡನೆಲ್ಸ್ ಜಲಸಂಧಿ. ಅದರ ಎರಡೂ ದಡಗಳಲ್ಲಿ ಸುಲ್ತಾನರೇ ಕಟ್ಟಿಸಿದ ಕೋಟೆಗಳು ಎದುರುಬದುರಾಗಿ ನಿಂತು ಹಡಗುಗಳನ್ನು ಕಾಯುತ್ತಿದ್ದವು. ಕೊನೆಗೆ ಮರ್ಮರ ಸಮುದ್ರ. ಅದರ ಕೊನೆಯಲ್ಲಿ ಏರುದಿಬ್ಬಗಳ ಮೇಲೆ ಗುಮ್ಮಟಗಳ ನಗರ.

ಈ ದಾರಿಯ ಪ್ರತಿಯೊಂದು ತಿರುವೂ ನಿನ್ನೆಯ ರಣಭೂಮಿಯಾಗಿತ್ತು. ಹಡಗಿನಲ್ಲಿದ್ದವರ ಬಂಧುಗಳು ಆ ನೀರಿನಲ್ಲಿ ಸತ್ತಿದ್ದರು. ಎರಡೂ ಕಡೆ ಸೆರೆಯಾಳುಗಳಿದ್ದರು, ಎರಡೂ ಕಡೆ ವಿಧವೆಯರಿದ್ದರು. ವೆನಿಸ್‌ನ ಧರ್ಮಪೀಠಗಳಿಂದ ‘ತುರ್ಕ’ ಎಂಬ ಶಬ್ದ ಶಾಪದಂತೆ ಕೇಳಿಬರುತ್ತಿದ್ದ ಕಾಲವದು. ಅಂಥ ನಾಡಿನ ಕಲಾವಿದನು ಬಣ್ಣ ಕುಂಚಗಳನ್ನು ಕಟ್ಟಿಕೊಂಡು ಅದೇ ‘ತುರ್ಕ’ನ ಮನೆಯ ಅತಿಥಿಯಾಗಲು ಹೊರಟಿದ್ದನು.

ಅರಮನೆಯೊಳಗೆ

ಬೆಲ್ಲಿನಿ ಇಸ್ತಾಂಬುಲ್‌ನಲ್ಲಿ ಸುಮಾರು ಒಂದು ವರ್ಷಕ್ಕೂ ಮೀರಿ ಉಳಿದನು. ಅವನ ಕೆಲಸದ ಬಗ್ಗೆ ನಮಗೆ ದೊರೆಯುವ ಹತ್ತಿರದ ಸಾಕ್ಷಿ ಜೊವಾನ್ ಮರಿಯಾ ಆಂಜೊಲೆಲ್ಲೊ ಎಂಬ ಇಟಲಿಯವನದು. ನೆಗ್ರೊಪೊಂಟೆ ಬಿದ್ದಾಗ ಸೆರೆಯಾಗಿ, ಉಸ್ಮಾನೀ ರಾಜಕುಟುಂಬದ ಸೇವೆಯಲ್ಲಿ ವರ್ಷಗಳನ್ನು ಕಳೆದವನು ಆತ. ಅವನ ಬರಹದಲ್ಲಿ ಒಂದು ಸಂಗತಿ ವಿಶೇಷವಾಗಿದೆ. ಸುಲ್ತಾನರು ಬೆಲ್ಲಿನಿಯಿಂದ ಹಲವರ ಭಾವಚಿತ್ರಗಳನ್ನು ಬರೆಯಿಸಿದ್ದಲ್ಲದೆ, ವೆನಿಸ್ ನಗರದ ಚಿತ್ರವನ್ನೂ ಬರೆಯಿಸಿದರಂತೆ.

ನಾವು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಸುಲ್ತಾನರು ವೆನಿಸ್‌ಗೆ ಎಂದೂ ಹೋಗಿರಲಿಲ್ಲ, ಹೋಗುವ ಹಾಗೂ ಇರಲಿಲ್ಲ. ಹದಿನಾರು ವರ್ಷ ತಾವು ಕಾದಾಡಿದ ಆ ನೀರಿನ ಮೇಲಿನ ನಗರ ನಿಜಕ್ಕೂ ಹೇಗಿದೆ ಎಂದು ನೋಡುವ ಆಸೆ ಅವರಿಗಿತ್ತು. ಗೂಢಚಾರರ ವರದಿಗಳು ಅವರಲ್ಲಿ ಧಾರಾಳವಾಗಿದ್ದಿರಬೇಕು. ಆದರೂ ಅಲ್ಲಿ ಹುಟ್ಟಿ ಬೆಳೆದವನ ಕೈಯಿಂದಲೇ ಆ ನಗರವನ್ನು ಕಾಣಬಯಸಿದರು. ಇದರಲ್ಲಿ ರಾಜಕೀಯ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕುತೂಹಲವೂ ಇತ್ತು. ಗ್ರೀಕ್ ಹಸ್ತಪ್ರತಿಗಳನ್ನು ಅರಮನೆಯಲ್ಲಿ ನಕಲು ಮಾಡಿಸಿದ, 1454ರಲ್ಲಿ ಗ್ರೀಕ್ ಕ್ರೈಸ್ತರಿಗೆ ಅವರದೇ ಧರ್ಮಗುರು ಗೆನ್ನಾದಿಯೋಸ್‌ನನ್ನು ನೇಮಿಸಿಕೊಟ್ಟ ಅರಸನ ಕುತೂಹಲವದು.

ಬೆಲ್ಲಿನಿ ಬರೆದ ಸುಲ್ತಾನರ ಭಾವಚಿತ್ರದ ಮೇಲೆ 1480ರ ನವೆಂಬರ್ 25 ಎಂಬ ದಿನಾಂಕವಿದೆ. ಚಿತ್ರ ದೊಡ್ಡದಲ್ಲ, ಎತ್ತರ ಸುಮಾರು 70 ಸೆಂಟಿಮೀಟರ್, ಅಗಲ 52. ಕೆತ್ತನೆಯ ಕಲ್ಲಿನ ಕಮಾನಿನೊಳಗೆ ಸುಲ್ತಾನರು ಪಾರ್ಶ್ವಕ್ಕೆ ತಿರುಗಿ ಕುಳಿತಿದ್ದಾರೆ. ಮುಂದಿನ ಕಟ್ಟೆಯ ಮೇಲೆ ರತ್ನಗಳನ್ನು ಹೊಲಿದ ಬಟ್ಟೆಯೊಂದು ಇಳಿಬಿದ್ದಿದೆ. ಎರಡೂ ಬದಿಗಳಲ್ಲಿ ಮೂರು ಮೂರು ಚಿನ್ನದ ಕಿರೀಟಗಳು. ಇಷ್ಟೆಲ್ಲ ವೈಭವದ ನಡುವೆ ಮುಖ ಮಾತ್ರ ದಣಿದ ಮನುಷ್ಯನದು. ಆಗ ಅವರಿಗೆ 48 ವರ್ಷ, ಸಂಧಿವಾತದಿಂದ ನರಳುತ್ತಿದ್ದರು. ಬದುಕಿನಲ್ಲಿ ಇನ್ನು ಆರು ತಿಂಗಳೂ ಉಳಿದಿರಲಿಲ್ಲ. ಬೆಲ್ಲಿನಿ ಅವರನ್ನು ರಾಕ್ಷಸನನ್ನಾಗಿ ಬರೆಯಲಿಲ್ಲ, ದೇವತೆಯನ್ನಾಗಿಯೂ ಬರೆಯಲಿಲ್ಲ. ಚಿತ್ರದ ಮೇಲ್ಮೈ ಕಾಲಾಂತರದಲ್ಲಿ ಬಹಳ ಸವೆದಿದೆ, ಇತರರ ಕೈ ಸೇರಿ ಮಾರ್ಪಟ್ಟಿದೆ. ಆದರೂ ಆ ಗಾಂಭೀರ್ಯ ಅಳಿದಿಲ್ಲ.

ನಾವು ಇತಿಹಾಸವನ್ನು ಸಿಹಿಯಾಗಿಸಲು ಹೊರಟಿಲ್ಲ. ಬೆಲ್ಲಿನಿ ಇಸ್ತಾಂಬುಲ್‌ನಲ್ಲಿದ್ದಾಗಲೇ, 1480ರ ಆಗಸ್ಟ್‌ನಲ್ಲಿ, ಸುಲ್ತಾನರ ಸೈನ್ಯ ಇಟಲಿಯ ಒತ್ರಾಂತೊ ನಗರವನ್ನು ವಶಪಡಿಸಿಕೊಂಡಿತು. ಅಲ್ಲಿ ರಕ್ತ ಹರಿಯಿತು. ಸುಲ್ತಾನರು ಯುದ್ಧಗಳ ಯುಗದ ಅರಸ, ಯುದ್ಧಗಳಿಗೆ ಹೊರತಾದವರಲ್ಲ. ಆದರೆ ಒಬ್ಬ ಮನುಷ್ಯನನ್ನು ಅವನ ಒಂದೇ ಮುಖದಿಂದ ಅಳೆಯುವುದು ನ್ಯಾಯವಲ್ಲ ಎಂಬುದಕ್ಕೂ ಇದೇ ವರ್ಷ ಸಾಕ್ಷಿಯಾಗಿದೆ.

1481ರ ಜನವರಿಯಲ್ಲಿ ಸುಲ್ತಾನರು ಬೆಲ್ಲಿನಿಗೆ ಗೌರವ ಪದವಿಯನ್ನೂ ಚಿನ್ನದ ಸರವನ್ನೂ ನೀಡಿ ಬೀಳ್ಕೊಟ್ಟರು. ಮೇ 3ರಂದು ಅವರು ಇಹಲೋಕ ತ್ಯಜಿಸಿದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಚಿತ್ರಗಳು ಬಜಾರಿಗೆ ಬಂದದ್ದು

ಇಲ್ಲಿ ನಮ್ಮ ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಜೀವಿಗಳ ಚಿತ್ರ ಬರೆಯುವುದರ ಬಗ್ಗೆ ಪ್ರವಾದಿ(ಸ)ರ ಎಚ್ಚರಿಕೆಗಳಿರುವಾಗ ಸುಲ್ತಾನರು ಹೀಗೆ ಮಾಡಿದ್ದು ಸರಿಯೇ? ಉಲಮಾಗಳಲ್ಲಿ ಬಹುಮಂದಿ ಇದನ್ನು ಸಮ್ಮತಿಸುವುದಿಲ್ಲ ಎಂಬುದನ್ನು ನಾವು ಮರೆಮಾಚುವುದಿಲ್ಲ. ಆರಾಧನೆಯ ಉದ್ದೇಶವಿಲ್ಲದ ಚಿತ್ರಗಳ ಬಗ್ಗೆ ಭಿನ್ನ ಅಭಿಪ್ರಾಯ ತಾಳಿದವರೂ ಇದ್ದಾರೆ. ಮಸೀದಿಯ ಗೋಡೆಗಳು ಎಂದಿಗೂ ಅಕ್ಷರಗಳಿಗೂ ಬಳ್ಳಿಗಳಿಗೂ ಮೀಸಲಾಗಿದ್ದವು. ಅರಮನೆಯ ಪುಸ್ತಕಗಳಲ್ಲಿ ಮಾತ್ರ ಚಿತ್ರಗಳಿಗೆ ಎಡೆಯಿತ್ತು. ಅರಸರ ನಡತೆ ಶರೀಅತ್‌ಗೆ ಪ್ರಮಾಣವಲ್ಲ. ಇಲ್ಲಿ ಫತ್ವಾ ನೀಡುವುದು ನಮ್ಮ ಕೆಲಸವೂ ಅಲ್ಲ. ನಡೆದದ್ದನ್ನು ನಡೆದಂತೆ ಹೇಳುವುದಷ್ಟೇ ಇತಿಹಾಸ ಬರೆಯುವವನ ಅಮಾನತ್ತು.

ನಡೆದದ್ದು ಇದು. ಸುಲ್ತಾನರ ನಂತರ ಪಟ್ಟಕ್ಕೆ ಬಂದ ಮಗ ಎರಡನೆಯ ಬಾಯಝೀದ್ ಅವರು ತಂದೆಯ ಚಿತ್ರಗಳನ್ನು ಅರಮನೆಯಿಂದ ತೆಗೆಸಿ ಬಜಾರಿನಲ್ಲಿ ಮಾರಿಸಿದರು, ವೆನಿಸ್‌ನ ವರ್ತಕರು ಅವುಗಳಲ್ಲಿ ಹಲವನ್ನು ಕೊಂಡರು ಎಂದು ಆಂಜೊಲೆಲ್ಲೊ ಬರೆದಿದ್ದಾನೆ. ಈ ಒಂದು ಸಂಗತಿಯನ್ನೇ ಹಿಡಿದು ಬಾಯಝೀದ್ ಅವರನ್ನು ಕಲೆಯ ವೈರಿಯೆಂದು ಚಿತ್ರಿಸುವವರಿದ್ದಾರೆ. ಆದರೆ ಉಸ್ಮಾನೀ ಲಿಪಿಕಲೆಯ ಪಿತಾಮಹ ಶೇಖ್ ಹಮ್ದುಲ್ಲಾಹ್ ಅವರನ್ನು ಗೌರವಿಸಿ ಪೋಷಿಸಿದವರು ಇದೇ ಬಾಯಝೀದ್. 1492ರಲ್ಲಿ ಸ್ಪೇನ್‌ನಿಂದ ಹೊರದಬ್ಬಲ್ಪಟ್ಟ ಯಹೂದಿಗಳಿಗೆ ತಮ್ಮ ನಾಡಿನ ಬಾಗಿಲು ತೆರೆದವರೂ ಇವರೇ. ತಮ್ಮ ಧರ್ಮಪ್ರಜ್ಞೆಗೆ ಒಪ್ಪದ್ದನ್ನು ಅವರು ಸುಡಲಿಲ್ಲ, ಒಡೆಯಲಿಲ್ಲ, ಬೇಕಾದವರಿಗೆ ಮಾರಿದರು. ಆದ್ದರಿಂದಲೇ ಭಾವಚಿತ್ರ ಉಳಿಯಿತು. ವೆನಿಸ್‌ನ ಅರಮನೆಯಲ್ಲಿ ಬೆಲ್ಲಿನಿ ಬರೆದ ಚಿತ್ರಗಳಾದರೋ 1577ರ ಬೆಂಕಿಯಲ್ಲಿ ಬೂದಿಯಾದವು. ಕಾಪಾಡುವವನು ಅಲ್ಲಾಹನೇ, ಯಾವುದನ್ನು ಯಾರ ಕೈಯಲ್ಲಿ ಉಳಿಸುತ್ತಾನೆಂಬುದನ್ನು ಬಲ್ಲವನೂ ಅವನೇ.

ಕಾಣದವರು ಕಟ್ಟಿದ ಕಥೆ

ಈಗ ಈ ಪಯಣದ ಬಗ್ಗೆ ಯುರೋಪಿನಲ್ಲಿ ಅತಿ ಹೆಚ್ಚು ಪ್ರಸಿದ್ಧವಾದ ಕಥೆಯನ್ನು ನೋಡೋಣ. ಬೆಲ್ಲಿನಿ ಸುಲ್ತಾನರಿಗೆ ಹಝ್ರತ್ ಯಹ್ಯಾ(ಅ)ರ ಶಿರಚ್ಛೇದದ ಚಿತ್ರವನ್ನು ತೋರಿಸಿದನಂತೆ. ಸುಲ್ತಾನರು ಅದನ್ನು ಮೆಚ್ಚಿ, ಆದರೆ ಕತ್ತರಿಸಿದ ಕುತ್ತಿಗೆ ಹೀಗೆ ಉದ್ದವಾಗಿ ಉಳಿಯುವುದಿಲ್ಲ, ಒಳಕ್ಕೆ ಕುಗ್ಗುತ್ತದೆ ಎಂದರಂತೆ. ತಮ್ಮ ಮಾತನ್ನು ಸಾಬೀತುಪಡಿಸಲು ಅಲ್ಲಿಯೇ ಒಬ್ಬ ಗುಲಾಮನ ತಲೆ ಕಡಿಸಿ ತೋರಿಸಿದರಂತೆ. ಬೆದರಿದ ಬೆಲ್ಲಿನಿ ಆದಷ್ಟು ಬೇಗ ಊರಿಗೆ ಮರಳಿದನಂತೆ.

ಈ ಕಥೆಯನ್ನು ಹರಡಿದವನು ಕಾರ್ಲೊ ರಿದೊಲ್ಫಿ. ಅವನ ಪುಸ್ತಕ ಪ್ರಕಟವಾದದ್ದು 1648ರಲ್ಲಿ. ಬೆಲ್ಲಿನಿ ಇಸ್ತಾಂಬುಲ್ ಬಿಟ್ಟು 167 ವರ್ಷಗಳ ನಂತರ! ಅರಮನೆಯನ್ನು ಒಳಗಿನಿಂದ ಬಲ್ಲ ಆಂಜೊಲೆಲ್ಲೊನ ಬರಹದಲ್ಲಿ ಇದರ ಸುಳಿವಿಲ್ಲ. ಗುಲಾಮನನ್ನು ಹಿಂಸಿಸಿ ಅದರಿಂದ ಚಿತ್ರ ಬರೆಯುವ ಕಥೆಯನ್ನು ಪ್ರಾಚೀನ ಗ್ರೀಕ್ ಚಿತ್ರಕಾರ ಪರ್ಹಾಸಿಯೊಸ್‌ನ ಬಗ್ಗೆಯೂ ರೋಮನ್ನರು ಹೇಳುತ್ತಿದ್ದರು. ಅಂದರೆ ಕಥೆಯ ಮೂಳೆ ಹಳೆಯದು, ಮೇಲಿನ ಬಟ್ಟೆ ಮಾತ್ರ ಹೊಸದು. ಇಂದಿನ ಇತಿಹಾಸಕಾರರು ಇದನ್ನು ಕಟ್ಟುಕಥೆಯೆಂದೇ ಪರಿಗಣಿಸುತ್ತಾರೆ. ಆದರೂ ಅದು ಶತಮಾನಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬಂತು. ಏಕೆಂದರೆ ಓದುವವರು ಅದನ್ನು ನಂಬಲು ಮೊದಲೇ ಸಿದ್ಧರಾಗಿದ್ದರು.

ಇನ್ನು ಕಣ್ಣಾರೆ ಕಂಡ ಬೆಲ್ಲಿನಿಯ ಸಾಕ್ಷ್ಯ ಏನು? ಆತ ಮಾತಿನಲ್ಲಿ ಹೇಳಲಿಲ್ಲ, ಚಿತ್ರದಲ್ಲಿ ಹೇಳಿದನು. ಊರಿಗೆ ಮರಳಿದ ಎರಡು ದಶಕಗಳ ನಂತರ, 1504ರಲ್ಲಿ, ಅಲೆಕ್ಸಾಂಡ್ರಿಯಾ ನಗರದಲ್ಲಿ ಸಂತ ಮಾರ್ಕ್ ಬೋಧಿಸುತ್ತಿರುವ ಬೃಹತ್ ಚಿತ್ರವನ್ನು ಆತ ಆರಂಭಿಸಿದನು. ಅದರಲ್ಲಿ ಮುಂಡಾಸು ಧರಿಸಿದ ಗಂಡಸರೂ, ಬಿಳಿಯ ಪರದೆಯಲ್ಲಿ ಕುಳಿತ ಸ್ತ್ರೀಯರೂ ಗುಂಪುಗುಂಪಾಗಿ, ಶಾಂತವಾಗಿ ಆಲಿಸುತ್ತಿದ್ದಾರೆ. ಹಿನ್ನೆಲೆಯಲ್ಲಿ ಒಂಟೆಯಿದೆ, ಜಿರಾಫೆಯಿದೆ. ಮುಂದಿನ ಸಾಲಿನಲ್ಲಿ ವೆನಿಸ್‌ನವರ ನಡುವೆ ಕೆಂಪು ನಿಲುವಂಗಿ ತೊಟ್ಟ ವೃದ್ಧನೊಬ್ಬನಿದ್ದಾನೆ. ಅವನೇ ಬೆಲ್ಲಿನಿ. ಅವನ ಕೊರಳಲ್ಲಿ ಚಿನ್ನದ ಸರವಿದೆ. ಬೆದರಿ ಓಡಿಬಂದವನು ಆ ಮನೆಯ ಉಡುಗೊರೆಯನ್ನು ಸಾಯುವ ಕಾಲದವರೆಗೂ ಹೆಮ್ಮೆಯಿಂದ ಕೊರಳಲ್ಲಿ ಧರಿಸುತ್ತಾನೆಯೇ? 1507ರಲ್ಲಿ ಆತ ತೀರಿಕೊಂಡಾಗ ಚಿತ್ರ ಮುಗಿದಿರಲಿಲ್ಲ. ತಮ್ಮ ಜೊವಾನ್ನಿ ಅದನ್ನು ಪೂರ್ಣಗೊಳಿಸಿದನು. ಇಂದು ಅದು ಮಿಲಾನ್ ನಗರದ ಬ್ರೆರಾ ಸಂಗ್ರಹಾಲಯದಲ್ಲಿದೆ.

ಚಿತ್ರಗಳೂ ಪಯಣಿಸಿದವು

ಚಿತ್ರಕಾರನ ಪಯಣ ಮುಗಿಯಿತು. ಚಿತ್ರಗಳ ಪಯಣ ಮುಂದುವರಿಯಿತು. ಸುಲ್ತಾನರ ಭಾವಚಿತ್ರ ಕೈಯಿಂದ ಕೈಗೆ ಸಾಗಿ ಕೊನೆಗೆ 1865ರಲ್ಲಿ ವೆನಿಸ್‌ನಲ್ಲಿ ಆಸ್ಟೆನ್ ಹೆನ್ರಿ ಲೇಯಾರ್ಡ್ ಎಂಬ ಆಂಗ್ಲನಿಗೆ ದೊರೆಯಿತು. ನಿನೆವೆಯ ಪ್ರಾಚೀನ ಅವಶೇಷಗಳನ್ನು ಅಗೆದು ತೆಗೆದವನು ಈತನೇ. ಅವನ ಉಯಿಲಿನ ಮೂಲಕ 1916ರಲ್ಲಿ ಚಿತ್ರ ಲಂಡನ್‌ನ ನ್ಯಾಷನಲ್ ಗ್ಯಾಲರಿಯ ಸೊತ್ತಾಯಿತು. 1999ರಲ್ಲಿ ಅದನ್ನು ಪ್ರದರ್ಶನಕ್ಕಾಗಿ ಇಸ್ತಾಂಬುಲ್‌ಗೆ ತಂದಾಗ, ಶಾಲಾಪುಸ್ತಕಗಳಲ್ಲಿ ಮಾತ್ರ ಆ ಮುಖವನ್ನು ಕಂಡಿದ್ದ ಜನ ಮೂಲವನ್ನು ನೋಡಲು ಬಂದರು. 2020ರ ಜೂನ್‌ನಲ್ಲಿ ಸುಲ್ತಾನರನ್ನೂ ಒಬ್ಬ ತರುಣನನ್ನೂ ಎದುರುಬದುರಾಗಿ ತೋರಿಸುವ, ಬೆಲ್ಲಿನಿಯ ಬಳಗದ್ದೆನ್ನಲಾದ ಇನ್ನೊಂದು ಚಿತ್ರವನ್ನು ಇಸ್ತಾಂಬುಲ್ ಮಹಾನಗರಪಾಲಿಕೆ ಲಂಡನ್‌ನ ಹರಾಜಿನಲ್ಲಿ 7,70,000 ಪೌಂಡ್‌ಗಳಿಗೆ ಕೂಗಿ ಪಡೆಯಿತು. ಒಮ್ಮೆ ಬಜಾರಿನಲ್ಲಿ ಮಾರಿದ ನಗರವೇ ಐದು ಶತಮಾನಗಳ ನಂತರ ಹರಾಜಿನಲ್ಲಿ ಕೊಂಡಿತು!

ಇದಕ್ಕಿಂತಲೂ ಮನಮುಟ್ಟುವುದು ಒಂದು ಚಿಕ್ಕ ಕಾಗದದ ಕಥೆ. ಅಂಗೈಯಗಲಕ್ಕಿಂತ ತುಸು ದೊಡ್ಡದಾದ ಆ ಕಾಗದದ ಮೇಲೆ, ಹೂಬಳ್ಳಿಯ ನಿಲುವಂಗಿ ತೊಟ್ಟ ತರುಣ ಲಿಪಿಕಾರನೊಬ್ಬ ಮೊಣಕಾಲ ಮೇಲೆ ಹಲಗೆಯಿಟ್ಟು ತಲೆಬಾಗಿ ಕುಳಿತಿದ್ದಾನೆ. ಇದನ್ನು ಬೆಲ್ಲಿನಿಯೇ ಬರೆದನೆಂದು ಹಲವರೂ, ಅದೇ ಕಾಲದಲ್ಲಿ ಅರಮನೆಗೆ ಬಂದ ಇನ್ನೊಬ್ಬ ಇಟಲಿಯ ಕಲಾವಿದ ಬರೆದನೆಂದು ಕೆಲವರೂ ಹೇಳುತ್ತಾರೆ. ಈ ಕಾಗದ ಪೂರ್ವಕ್ಕೆ ಪಯಣಿಸಿ ಇರಾನಿನ ಸಫವೀ ರಾಜಕುಮಾರ ಬಹ್ರಾಮ್ ಮಿರ್ಝಾನ ಚಿತ್ರಸಂಪುಟವನ್ನು ಸೇರಿತು. ಅಲ್ಲಿ ಯಾರೋ ಅದರ ಮೂಲೆಯಲ್ಲಿ, ಇದು ಫ್ರಂಗಿಯರ ಪ್ರಸಿದ್ಧ ಉಸ್ತಾದನ ಕೆಲಸವೆಂಬ ಅರ್ಥದ ಮಾತನ್ನು ಪಾರ್ಸಿ ಭಾಷೆಯಲ್ಲಿ ಬರೆದಿಟ್ಟರು. ಪಾರ್ಸಿ ಕಲಾವಿದನೊಬ್ಬನು ಅದನ್ನು ಕಂಡು ಮನಸೋತು ತನ್ನದೇ ರೀತಿಯಲ್ಲಿ ಮತ್ತೊಮ್ಮೆ ಬರೆದನು. ಆ ಚಿತ್ರವನ್ನು ಹೆರಾತ್‌ನ ಮಹಾನ್ ಕಲಾವಿದ ಕಮಾಲುದ್ದೀನ್ ಬಿಹ್‌ಝಾದ್ ಅವರದೆಂದು ಹೇಳುವ ರೂಢಿಯಿದೆ. ಅದರಲ್ಲಿ ಕುಳಿತ ತರುಣನ ಕೈಯಲ್ಲಿರುವುದು ಬರಹವಲ್ಲ, ಚಿತ್ರ. ಮೊದಲ ಕಾಗದ ಇಂದು ಅಮೆರಿಕದ ಬಾಸ್ಟನ್‌ನಲ್ಲಿದೆ, ಎರಡನೆಯದು ವಾಷಿಂಗ್ಟನ್‌ನಲ್ಲಿದೆ. ಒಬ್ಬನು ಕಡಲು ದಾಟಿ ಕಂಡದ್ದನ್ನು ಇನ್ನೊಬ್ಬನು ಸಾವಿರಾರು ಮೈಲಿ ದೂರದಲ್ಲಿ ಕಂಡನು, ಮೆಚ್ಚಿದನು, ತನ್ನದಾಗಿಸಿಕೊಂಡನು. ಇಬ್ಬರ ಧರ್ಮ ಬೇರೆ, ಭಾಷೆ ಬೇರೆ. ಆದರೆ ಒಳ್ಳೆಯ ಕೆಲಸವನ್ನು ಗುರುತಿಸುವ ಕಣ್ಣು ಒಂದೇ.

ನಮ್ಮ ವಿಜಯಪುರದ ನಂಟು

ಈ ಸುಲ್ತಾನರ ಹೆಸರು ನಮ್ಮ ಕನ್ನಡ ನಾಡಿನ ಇತಿಹಾಸದಲ್ಲೂ ಒಂದೆಡೆ ಬರುತ್ತದೆ. ವಿಜಯಪುರದ ಆದಿಲ್‌ಶಾಹಿ ವಂಶದ ಸ್ಥಾಪಕ ಯೂಸುಫ್ ಆದಿಲ್ ಖಾನ್ ಅವರು ಸುಲ್ತಾನ್ ಫಾತಿಹ್ ಅವರ ಸಹೋದರನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾರೆ. ಅಣ್ಣ ಪಟ್ಟವೇರಿದಾಗ ತಮ್ಮನ ಜೀವಕ್ಕೆ ಅಪಾಯ ಒದಗಿತು, ತಾಯಿ ಅವನನ್ನು ಗುಟ್ಟಾಗಿ ಒಬ್ಬ ವರ್ತಕನ ಕೈಗೊಪ್ಪಿಸಿ ಇರಾನಿನ ಸಾವಾ ಪಟ್ಟಣಕ್ಕೆ ಕಳುಹಿಸಿದಳು, ಬೆಳೆದ ಮೇಲೆ ಆತ ಹಡಗಿನಲ್ಲಿ ದಾಭೋಳ್ ಬಂದರಿಗೆ ಬಂದು ಬೀದರಿನ ಬಹಮನಿ ಸೇವೆಗೆ ಸೇರಿದನು ಎಂಬುದು ಆ ಕಥೆ. ಸುಲ್ತಾನರು ಪಟ್ಟವೇರಿದಾಗ ಎಳೆಯ ತಮ್ಮನೊಬ್ಬನ ಪ್ರಾಣ ಹೋದದ್ದು ಕಹಿಯಾದ ಸತ್ಯ. ಆದರೆ ತಪ್ಪಿಸಿಕೊಂಡ ಇನ್ನೊಬ್ಬ ತಮ್ಮನ ಕಥೆಯನ್ನು ಬಹುಪಾಲು ಇತಿಹಾಸಕಾರರು ಒಪ್ಪುವುದಿಲ್ಲ. ಫರಿಶ್ತಾ ಬರೆದದ್ದು ಒಂದೂವರೆ ಶತಮಾನದಷ್ಟು ಕಾಲದ ನಂತರ, ಅದೇ ಆದಿಲ್‌ಶಾಹಿಗಳ ಆಶ್ರಯದಲ್ಲಿ.

ರಿದೊಲ್ಫಿಯ ಕಥೆಯನ್ನು ಅಲ್ಲಗಳೆದ ನಾವು, ನಮಗೆ ಹಿತವಾದ ಈ ಕಥೆಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕು. ನಮ್ಮನ್ನು ನಿಂದಿಸುವ ಸುಳ್ಳು ಸುಳ್ಳಾದರೆ, ನಮ್ಮನ್ನು ಹೊಗಳುವ ಸುಳ್ಳೂ ಸುಳ್ಳೇ.

ಖಚಿತವಾದ ಸಂಗತಿಗಳು ಬೇರೆ ಇವೆ, ಅವೇನೂ ಕಡಿಮೆ ಸುಂದರವಲ್ಲ. ಎರಡನೆಯ ಇಬ್ರಾಹೀಮ್ ಆದಿಲ್‌ಶಾಹ್ ಅವರ ಆಸ್ಥಾನಕ್ಕೆ ಡಚ್ ನಾಡಿನ ಹಾರ್ಲೆಮ್ ನಗರದ ಕೊರ್ನೆಲಿಸ್ ಹೇಡಾ ಎಂಬ ಚಿತ್ರಕಾರನು ಪ್ರಾಗ್ ನಗರ, ಗೋವಾ ಬಂದರುಗಳ ದಾರಿಯಾಗಿ ಬಂದು ಸೇರಿದ್ದನು. ಇಸ್ತಾಂಬುಲ್‌ನಲ್ಲಿ ನಡೆದದ್ದು ಸುಮಾರು 130 ವರ್ಷಗಳ ನಂತರ ನಮ್ಮ ನೆಲದಲ್ಲೂ ನಡೆಯಿತು. ಮತ್ತು ಅಲ್ಲಿನಂತೆಯೇ ಇಲ್ಲಿನ ಸಂಪತ್ತೂ ಚದುರಿಹೋಯಿತು. ಆಸಾರ್ ಮಹಲಿನ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳು 1853ರಲ್ಲಿ ಆಂಗ್ಲರ ಮೂಲಕ ಲಂಡನ್ ಸೇರಿದವು. 1570ರಲ್ಲಿ ವಿಜಯಪುರದಲ್ಲಿ ಸಿದ್ಧವಾದ ‘ನುಜೂಮುಲ್ ಉಲೂಮ್’ ಎಂಬ ಸಚಿತ್ರ ಗ್ರಂಥ ಡಬ್ಲಿನ್‌ನಲ್ಲಿದೆ. ಆದಿಲ್‌ಶಾಹಿಯ ಅರಸರೆಲ್ಲರನ್ನೂ ಒಂದೆಡೆ ತೋರಿಸುವ, ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬವರು 1680ರಲ್ಲಿ ಬರೆದ ಚಿತ್ರ ನ್ಯೂಯಾರ್ಕ್‌ನಲ್ಲಿದೆ. ಗೋಲ್ ಗುಂಬಜಿನ ನೆರಳಿನಲ್ಲಿ ಹುಟ್ಟಿದ ಮಗು ತನ್ನೂರಿನ ಕಲಾವಿದರ ಕೈಚಳಕವನ್ನು ಮೂಲದಲ್ಲಿ ಕಾಣಬೇಕಾದರೆ ಇಂದು ಸಮುದ್ರಗಳನ್ನು ದಾಟಬೇಕಾಗಿದೆ.

ಕಂಡು ತಿಳಿಯುವುದು

ಭೂಮಿಯಲ್ಲಿ ಸಂಚರಿಸಿ, ಹಿಂದಿನವರ ಕುರುಹುಗಳನ್ನು ನೋಡಿ ಪಾಠ ಕಲಿಯುವಂತೆ ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ಸುದ್ದಿಯೊಂದು ಬಂದಾಗ ಪರಿಶೀಲಿಸದೆ ನಂಬಬಾರದೆಂದು ಸೂರಃ ಅಲ್ ಹುಜುರಾತ್ ಎಚ್ಚರಿಸುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಕನ್ನಡದ ಹಿರಿಯರೂ ಹೇಳಿದ್ದಾರೆ. ಹಾಗಿರುವಾಗ ಕಾಣದ್ದನ್ನು ಪ್ರಮಾಣಿಸದೆ ನಂಬುವವರ ಸ್ಥಿತಿಯನ್ನು ಏನೆನ್ನೋಣ?

ಇಂದು ನಮ್ಮ ಬಗ್ಗೆ ದಿನವೂ ಕಥೆಗಳು ಕಟ್ಟಲ್ಪಡುತ್ತಿವೆ. ಕಟ್ಟುವವರಲ್ಲಿ ಹೆಚ್ಚಿನವರು ನಮ್ಮ ಮನೆಯ ಹೊಸಿಲು ದಾಟಿದವರಲ್ಲ, ನಮ್ಮೊಡನೆ ಕುಳಿತು ಒಂದು ಲೋಟ ಚಹಾ ಕುಡಿದವರೂ ಅಲ್ಲ. ಅದರಿಂದ ನೋವಾಗುತ್ತದೆ, ನಿಜ. ಆದರೆ ನಮ್ಮನ್ನೂ ನಾವು ಕೇಳಿಕೊಳ್ಳೋಣ. ನಮ್ಮ ಬೀದಿಯ ಕೊನೆಯ ಮನೆಯವರ ಬಗ್ಗೆ ನಾವು ಆಡುವ ಮಾತುಗಳಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು? ಅವರ ಮನೆಯ ಬಾಗಿಲು ತಟ್ಟಿ ಎಷ್ಟು ಕಾಲವಾಯಿತು? ನಮ್ಮ ಮೊಬೈಲಿಗೆ ಬಂದ ಎಷ್ಟು ಮಾತುಗಳನ್ನು ಪರೀಕ್ಷಿಸದೆ ಮುಂದಕ್ಕೆ ಕಳುಹಿಸಿದ್ದೇವೆ?

ಐವತ್ತರ ಪ್ರಾಯದ ಬೆಲ್ಲಿನಿಗೆ ಅಂದು ಇಡೀ ಮೆಡಿಟರೇನಿಯನ್ ಸಮುದ್ರದ ಅರ್ಧಭಾಗವನ್ನೇ ದಾಟಬೇಕಿತ್ತು, ಗಾಳಿಗಾಗಿ ಕಾಯಬೇಕಿತ್ತು, ಹದಿನಾರು ವರ್ಷಗಳ ಹಗೆಯನ್ನು ಹಿಂದೆ ಬಿಡಬೇಕಿತ್ತು. ನಮಗೆ ಒಂದು ಬೀದಿಯನ್ನು ದಾಟಿದರೆ ಸಾಕು. ಈ ಹಬ್ಬಕ್ಕೆ ನೆರೆಮನೆಯವರನ್ನು ಕರೆಯೋಣ, ಅವರು ಕರೆದಾಗ ಹೋಗೋಣ. ಸಾಧ್ಯವಾದಾಗ ಮಕ್ಕಳನ್ನು ವಿಜಯಪುರಕ್ಕೂ ಬೀದರಿಗೂ ಕರೆದೊಯ್ದು, ಪರದೆಯ ಮೇಲೆ ಕಂಡದ್ದನ್ನು ನೆಲದ ಮೇಲೆ ತೋರಿಸೋಣ. ಕಂಡು ಮಾತನಾಡುವ ಅಭ್ಯಾಸ ಮನೆಯಿಂದಲೇ ಆರಂಭವಾಗಲಿ.

ಸತ್ಯವನ್ನು ಸತ್ಯವಾಗಿ ಕಾಣುವ ಕಣ್ಣನ್ನೂ, ಕಂಡದ್ದನ್ನು ಕಂಡಂತೆಯೇ ಹೇಳುವ ನಾಲಿಗೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.